ಶನಿವಾರ ಕಾಡು, ಸೋಮವಾರ ಆಫೀಸು: ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳು ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಬಂದಿರೋ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ವಿಷಯದ್ದು. ವೀಕೆಂಡಲ್ಲಿ ಮಳೆಕಾಡಿಗೆ ಹೋಗೋದು, ಹೋದಲ್ಲಿ ಒಂದಿಷ್ಟು ಸೇವೆ ಮಾಡೋದು. ಹಾಗಾಗಿ ಸೊಸೈಟಿ ಮೇಂಟೆನೆನ್ಸು, ಅತ್ತೆ-ಸೊಸೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ, ಬೇಜಾರು ಮಾಡ್ಕೋಬೇಡಿ.

ಅಕ್ಕಾ, ನಾವು ನಾಲ್ಕು ಜನ ಪುಣೆಯ ಹಿಂಜವಡೀಲಿ ಕೆಲಸ ಮಾಡೋರು. ಇಬ್ರು ಧಾರವಾಡದವ್ರು, ಒಬ್ಬ ಮಂಡ್ಯ, ನಾನು ತೀರ್ಥಹಳ್ಳಿ. ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಲಾಗಿನ್ ಆಗಿರ್ಬೇಕು. ಕೋಟೆ ಹತ್ತಿ ಹತ್ತಿ ಸಾಕಾಗಿದೆ, ನಿಜವಾದ ಮಳೆಕಾಡು ನೋಡ್ಬೇಕು, ಜೊತೆಗೆ ವಾಲಂಟಿಯರಿಂಗೂ ಮಾಡ್ಬೇಕು. ಎಲ್ಲಿಗೆ ಹೋಗೋಣ?
– ಹಿಂಜವಡಿಯ ಓದುಗ

ತೀರ್ಥಹಳ್ಳಿಯವನಿಗೆ ಮಳೆಕಾಡು ಹೇಗಿರತ್ತೆ ಅಂತ ನಾನು ಹೇಳೋದು ಬೇಡ, ಉಳಿದ ಮೂವರಿಗೆ ಹೇಳ್ತೀನಿ. ಪುಣೆ ಸುತ್ತ ಇರೋ ಕೋಟೆ ಬೆಟ್ಟಗಳು ಜುಲೈನಲ್ಲಿ ಹಸಿರು, ಫೆಬ್ರವರೀಲಿ ಬೋಳು, ಯಾಕಂದ್ರೆ ಅದರಲ್ಲಿ ಹೆಚ್ಚಿನದು ಹುಲ್ಲು. ವರ್ಷವಿಡೀ ಎಲೆ ಹೊತ್ಕೊಂಡು, ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ ಇಟ್ಕೊಳ್ಳೋ ಕಾಡು ಸಹ್ಯಾದ್ರಿಯ ನೆತ್ತಿ ಮೇಲೆ ಅಲ್ಲಲ್ಲಿ ತುಂಡು ತುಂಡಾಗಿ ಉಳಿದಿದೆ ಅಷ್ಟೇ. ನಿಮಗೆ ಹತ್ತಿರದ್ದು ಭೀಮಾಶಂಕರ, ಪುಣೆಯಿಂದ ಸುಮಾರು 120 ಕಿಲೋಮೀಟರ್. 1985ರಲ್ಲಿ ಅಭಯಾರಣ್ಯ ಆಗಿದ್ದು, ವಿಸ್ತೀರ್ಣ 130 ಚದರ ಕಿಲೋಮೀಟರಿನ ಆಸುಪಾಸು. ಜ್ಯೋತಿರ್ಲಿಂಗ ಇರೋದ್ರಿಂದ ಶ್ರಾವಣ ಸೋಮವಾರ, ಶಿವರಾತ್ರಿ ಅಂದ್ರೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಶ್ರಾವಣದ ವೀಕೆಂಡ್ ಬಿಟ್ಟುಬಿಡಿ.

ಅಲ್ಲಿ ನೋಡ್ಬೇಕಾಗಿರೋದು ಕೆಂದಳಿಲು. ಮರಾಠೀಲಿ ಶೇಕರು ಅಂತಾರೆ, ಮಹಾರಾಷ್ಟ್ರದ ರಾಜ್ಯಪ್ರಾಣಿ. ದೇವಸ್ಥಾನದ ಗದ್ದಲ ದಾಟಿ ಸ್ವಲ್ಪ ಒಳಗೆ ಹೋಗಿ, ಕತ್ತೆತ್ತಿ ಸುಮ್ನೆ ನಿಂತ್ರೆ ಮೊದಲು ಮೇಲಿಂದ ಕಟಕಟ ಕಟಕಟ ಅಂತ ಬೈಗುಳ ಕೇಳಿಸತ್ತೆ, ಆಮೇಲೆ ದೇಹಕ್ಕಿಂತ ಉದ್ದದ ಬಾಲ ಕೊಂಬೆಯಿಂದ ಕೆಳಗೆ ಇಳಿಬಿದ್ದಿರೋದು ಕಾಣತ್ತೆ, ಕೊನೆಗೆ ಪ್ರಾಣಿ. ನೆಲಕ್ಕೆ ಇಳಿಯೋದು ತೀರಾ ಅಪರೂಪ. ಒಂದೊಂದೂ ಒಂದಕ್ಕಿಂತ ಹೆಚ್ಚು ಗೂಡು ಕಟ್ಕೊಂಡಿರತ್ತೆ, ಎತ್ತರದ ಕವಲುಗಳಲ್ಲಿ ಎಲೆ ಕಡ್ಡಿಯ ದೊಡ್ಡ ಉಂಡೆ ಥರ, ಹಾಗಾಗಿ ಗೂಡು ಎಣಿಸಿ ಅಳಿಲು ಎಷ್ಟು ಅಂತ ಹೇಳೋಕಾಗಲ್ಲ. ಮರದಿಂದ ಮರಕ್ಕೆ ಹಾರ್ಕೊಂಡೇ ಇದರ ಬದುಕು, ಮಧ್ಯೆ ರಸ್ತೆಗೋ ಪಾರ್ಕಿಂಗಿಗೋ ಅಂತ ಎರಡು ಮರ ಕಡಿದ್ರೆ ಅದಕ್ಕೆ ದಾರಿ ಕಟ್ಟಾದ ಹಾಗೆ. ಮಳೆಗಾಲದ ರಾತ್ರಿ ಅದೇ ಕಾಡಲ್ಲಿ, ಆಹುಪೆ ಕಡೆ, ಕೊಳೆತ ಕೊಂಬೆ ಮೇಲೆ ಬೆಳಕು ಬೀರೋ ಅಣಬೆನೂ ಇದೆ, ಟಾರ್ಚ್ ಆರಿಸಿ ಕಣ್ಣು ಹೊಂದಿಕೊಳ್ಳೋವರೆಗೆ ಕಾದ್ರೆ ಮಾತ್ರ ಕಾಣೋದು.

ಇನ್ನೊಂದು ಮಾತು. ಜೋರು ಮಳೆಯ ವಾರ ಆ ಕಡೆ ಹೋಗ್ಬೇಡಿ. ಅದೇ ಅಂಬೇಗಾಂವ್ ತಾಲೂಕಿನ ಮಾಳೀಣ್ ಊರು 2014ರ ಜುಲೈ 30ಕ್ಕೆ ಗುಡ್ಡ ಕುಸಿದು ಮಣ್ಣಾಯ್ತು, 150ಕ್ಕೂ ಹೆಚ್ಚು ಜನ ಹೋದ್ರು.

ಲಾಂಗ್ ವೀಕೆಂಡ್ ಸಿಕ್ರೆ ಅಂಬೋಲಿ. ಸಾವಂತವಾಡಿಯಿಂದ ಘಾಟ್ ಹತ್ತಿದ್ರೆ ಸಿಗತ್ತೆ, ಸುಮಾರು 690 ಮೀಟರ್ ಎತ್ತರ, ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸಿನ ಮಳೆ, ಅಂದ್ರೆ ನಿಮ್ಮ ತೀರ್ಥಹಳ್ಳಿಯವನೂ ಸ್ವಲ್ಪ ಬಾಯಿ ಮುಚ್ಕೊಂಡು ನೋಡೋ ಮಳೆ. ಕೊಯ್ನಾ, ಚಾಂದೋಲಿ ಕಾಡು ಇನ್ನೂ ದೊಡ್ಡದು, ಆದ್ರೆ ಅದು 2010ರಿಂದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಬ್ಯಾಗ್ ಹಾಕ್ಕೊಂಡು ನುಗ್ಗೋ ಜಾಗ ಅಲ್ಲ.

ವಾಲಂಟಿಯರಿಂಗ್ ವಿಷಯಕ್ಕೆ ಬಂದ್ರೆ, ಮೊದಲನೇ ಸಲ ಏನೂ ಮಾಡ್ಬೇಡಿ ಅಂತೀನಿ. ಹೋಗಿ, ನೋಡಿ, ಊರಿನವರ ಹತ್ರ ಮಾತಾಡಿ, ವಾಪಸ್ ಬನ್ನಿ. ಎರಡನೇ ಸಲ ಅದೇ ಜಾಗಕ್ಕೆ ಹೋಗಿ. ಪ್ರತಿ ವಾರ ಹೊಸ ಜಾಗ ಅಂತ ಓಡಾಡೋರಿಂದ ಯಾವ ಕಾಡಿಗೂ ಉಪಯೋಗ ಆಗಿದ್ದು ನಾನಂತೂ ನೋಡಿಲ್ಲ.

ನನ್ನ ಮಗನ ಕಂಪನಿಯವ್ರು ಕುಟುಂಬ ಸಮೇತ ಸಾತಾರಾ ಕಡೆ ಒಂದು ಬೆಟ್ಟದ ಮೇಲೆ ಕರ್ಕೊಂಡು ಹೋಗಿ ಗಿಡ ನೆಡಿಸಿದ್ರು. ಬ್ಯಾನರ್, ಟೀ ಶರ್ಟು, ಫೋಟೋ ಎಲ್ಲ ಆಯ್ತು. ಸೀಡ್ ಬಾಲ್, ಅಂದ್ರೆ ಬೀಜ ಇಟ್ಟ ಮಣ್ಣುಂಡೆ ಕೂಡ ಎಸೆದ್ವಿ. ಆದ್ರೆ ಅಲ್ಲಿ ದನ ಕಾಯ್ತಿದ್ದ ಒಬ್ಬ ಅಜ್ಜ ನಮ್ಮನ್ನ ನೋಡಿ ನಕ್ಕೊಂಡು ಹೋದ. ಯಾಕೆ ನಕ್ಕ ಅಂತ ಇವತ್ತಿಗೂ ತಲೇಲಿ ಕೊರೀತಿದೆ.
– ಡೊಂಬಿವಲಿಯ ಗೃಹಿಣಿ

ಅಜ್ಜನಿಗೆ ಗೊತ್ತಿತ್ತು, ಅದಕ್ಕೇ ನಕ್ಕ.

ಸಾತಾರಾ ಕಡೆಯ ಚಪ್ಪಟೆ ಬೆಟ್ಟದ ತಲೆಗಳಲ್ಲಿ ಮರ ಇಲ್ಲ ಅಂದ್ರೆ ಯಾರೋ ಕಡಿದ್ರು ಅಂತ ಅಲ್ಲ. ಅಲ್ಲಿ ಬಂಡೆ ಮೇಲೆ ಇಷ್ಟೇ ಇಷ್ಟು ಮಣ್ಣು. ಆ ಬೆರಳುದ್ದ ಮಣ್ಣಲ್ಲೇ ಮಳೆಗಾಲದಲ್ಲಿ ಸಣ್ಣ ಸಣ್ಣ ಹೂಗಿಡಗಳು ಎದ್ದು, ಹೂ ಬಿಟ್ಟು, ಬೀಜ ಉದುರಿಸಿ, ನವೆಂಬರ್ ಅಷ್ಟೊತ್ತಿಗೆ ಒಣಗಿ ಹೋಗ್ತವೆ. ಕಾಸ್ ಪಠಾರ ಇದಕ್ಕೇ ಹೆಸರುವಾಸಿ, ಅಲ್ಲಿ 850ರಷ್ಟು ಜಾತಿ ಹೂಬಿಡೋ ಸಸ್ಯಗಳನ್ನ ಪಟ್ಟಿ ಮಾಡಿದ್ದಾರೆ, 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನ ವಿಶ್ವಪರಂಪರೆ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಅಂಥ ಜಾಗದಲ್ಲಿ ಗುಂಡಿ ತೋಡಿ ಗುಲ್‌ಮೊಹರ್, ಗ್ಲಿರಿಸಿಡಿಯಾ, ಅಕೇಶಿಯಾ ನೆಟ್ರೆ ಒಂದೋ ಗಿಡ ಸಾಯತ್ತೆ, ಇಲ್ಲಾ ಗಿಡ ಬದುಕಿ ಹೂ ಸಾಯತ್ತೆ. ಸತ್ರೇ ಒಳ್ಳೇದು ಅಂತ ಹೇಳೋ ಪರಿಸ್ಥಿತಿ.

ಸೀಡ್ ಬಾಲ್ ಕಥೆ ಇನ್ನೊಂದು. ಒಣ ಪ್ರದೇಶದ ಗಿಡಗಳ ಬೀಜ ಒಣಗಿಸಿ ಇಟ್ರೂ ವರ್ಷಗಟ್ಟಲೆ ಇರತ್ತೆ. ಮಳೆಕಾಡಿನ ಎಷ್ಟೋ ಮರಗಳ ಬೀಜ ಹಾಗಲ್ಲ, ರಾಮಪತ್ರೆ, ಧೂಪ, ಹಲಸು, ಇವೆಲ್ಲ ಒಣಗಿದ್ರೆ ಸತ್ತೇ ಹೋದ್ವು. ಮರದಿಂದ ಬಿದ್ದ ಕೆಲವೇ ದಿನ ಅಥವಾ ವಾರದೊಳಗೆ ನೆರಳು, ತೇವ ಇರೋ ಮಣ್ಣು ಸಿಗ್ಬೇಕು. ಮಾರ್ಚಲ್ಲಿ ಮಣ್ಣುಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿ, ಜುಲೈನಲ್ಲಿ ಬಸ್ಸಿಂದ ಎಸೆದ್ರೆ ಎಸೆದಿದ್ದು ಬರೀ ಮಣ್ಣು. ಈ ಕೆಲಸ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್), ಪುನುಗಿನ ಬೆಕ್ಕು, ಬಾವಲಿ ಇವೆಲ್ಲ ಬ್ಯಾನರ್ ಇಲ್ಲದೆ ಮಾಡ್ಕೊಂಡು ಬಂದಿವೆ, ಹಣ್ಣು ತಿಂದು ಬೀಜ ಕಾಡೊಳಗೇ ಹಾಕ್ತವೆ.

ಹಾಗಂತ ಕೈಕಟ್ಟಿ ಕೂರ್ಬೇಕಾ ಅಂದ್ರೆ ಇಲ್ಲ. ನೆಟ್ಟ ದಿನ ಗಿಡಕ್ಕೆ ನೂರು ಜನ, ಏಪ್ರಿಲಲ್ಲಿ ನೀರು ಹಾಕೋಕೆ ಒಬ್ಬರೂ ಇಲ್ಲ, ಅಲ್ಲೇ ಇರೋದು ಖಾಲಿ ಜಾಗ. ನರ್ಸರೀಲಿ ಕೂತು ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬೋದು, ಹಿಂದಿನ ವರ್ಷ ನೆಟ್ಟ ಗಿಡದ ಬುಡ ಬಿಡಿಸೋದು, ಲಂಟಾನ, ಯುಪಟೋರಿಯಂ ಥರದ ಕಳೆ ಕೀಳೋದು, ಚಳಿಗಾಲ ಮುಗಿಯೋ ಮುಂಚೆ ಬೆಂಕಿ ಹರಡದ ಹಾಗೆ ಹುಲ್ಲು ಕೆರೆದು ಖಾಲಿ ಪಟ್ಟೆ ಮಾಡೋದು. ಇದ್ಯಾವುದರಲ್ಲೂ ಫೋಟೋ ಚೆನ್ನಾಗಿ ಬರಲ್ಲ, ಬೆನ್ನು ನೋಯತ್ತೆ. ಮುಂದಿನ ಸಲ ಕಂಪನಿಯವ್ರು ಕರೆದ್ರೆ ಮಗನ ಹತ್ರ ಒಂದೇ ಪ್ರಶ್ನೆ ಕೇಳಿಸಿ: ಹೋದ ವರ್ಷ ನೆಟ್ಟ ಗಿಡ ತೋರಿಸ್ತೀರಾ? ತೋರಿಸಿದ್ರೆ ಹೋಗಿ.

ದೂಧಸಾಗರಕ್ಕೆ ಮಳೆಗಾಲದಲ್ಲಿ ರೈಲು ಹಳಿ ಮೇಲೆ ನಡ್ಕೊಂಡು ಹೋಗೋಣ ಅಂತ ಫ್ರೆಂಡ್ಸ್ ಪ್ಲಾನ್ ಹಾಕಿದ್ದಾರೆ. ಎಲ್ಲರೂ ಹೋಗ್ತಾರೆ, ಏನೂ ಆಗಲ್ಲ ಅಂತಾರೆ. ನಿಜಾನಾ?
– ವಾಸ್ಕೋದ ಓದುಗ

ಹೋಗ್ಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹಳಿ ಮೇಲೆ ಅಕ್ರಮವಾಗಿ ಓಡಾಡಿದ್ರೆ ಆರು ತಿಂಗಳವರೆಗೆ ಜೈಲು, ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. 2023ರ ಜುಲೈನಲ್ಲಿ ಹೀಗೇ ಹೋದವರಿಗೆ ರೈಲ್ವೆ ಪೊಲೀಸರು ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದ ವಿಡಿಯೋ ನೀವೂ ನೋಡಿರ್ತೀರಿ. ಆದ್ರೆ ಬಸ್ಕಿ ದೊಡ್ಡ ವಿಷಯ ಅಲ್ಲ. ಆ ಘಾಟಲ್ಲಿ ಸುರಂಗ ಇದೆ, ತಿರುವು ಇದೆ, ನೀರಿನ ಸದ್ದಲ್ಲಿ ಹಿಂದೆ ಬರೋ ಇಂಜಿನ್ ಸದ್ದು ಕೇಳಲ್ಲ.

ಅದೇ ತಿಂಗಳು ನೇತ್ರಾವಳಿ ಕಡೆಯ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ಗೋವಾದ ಅಭಯಾರಣ್ಯಗಳೊಳಗಿನ ಜಲಪಾತಗಳಿಗೇ ಪ್ರವೇಶ ನಿಲ್ಸಿದ್ರು. ಮಹಾರಾಷ್ಟ್ರದಲ್ಲಿ 2024ರ ಜೂನ್ 30ಕ್ಕೆ ಲೋಣಾವಳಾದ ಭುಶಿ ಡ್ಯಾಂ ಹತ್ರ ಒಂದೇ ಕುಟುಂಬದ ಐವರು ಕೊಚ್ಚಿ ಹೋದ್ರು. ನೀವು ನಿಂತಲ್ಲಿ ಮಳೆ ಇಲ್ದೇ ಇರಬಹುದು, ಮೇಲಿನ ಬೆಟ್ಟದಲ್ಲಿ ಹೊಯ್ದಿರತ್ತೆ, ಕಣಕಾಲು ಮಟ್ಟದ ನೀರು ಸೊಂಟಕ್ಕೆ ಬರೋಕೆ ನಿಮಿಷಗಳು ಸಾಕು. ನೀರು ಕೆಂಪಾಯ್ತು, ಎಲೆ ಕಡ್ಡಿ ತೇಲ್ಕೊಂಡು ಬಂತು ಅಂದ್ರೆ ಚಪ್ಪಲಿ ಬಿಟ್ಟಾದ್ರೂ ದಡ ಹತ್ತಿ.

ದೂಧಸಾಗರ 310 ಮೀಟರ್ ಎತ್ತರದ್ದು, ವಾಸ್ಕೋದಿಂದ ಲೋಂಡಾ, ಹುಬ್ಬಳ್ಳಿ ಕಡೆ ಊರಿಗೆ ಹೋಗೋ ರೈಲಲ್ಲಿ ಸೀಟಲ್ಲೇ ಕೂತು ನೋಡಬಹುದು, ಊರಿಗೂ ಹೋದ ಹಾಗಾಯ್ತು. ಮಳೆ ನಿಂತ ಮೇಲೆ ಕುಳೆಯಿಂದ ಜೀಪ್ ಬಿಡ್ತಾರೆ, ಅದು ಸರಿಯಾದ ದಾರಿ.

ಮುಲುಂಡಲ್ಲಿ ನಮ್ದು ಹೋಟೆಲ್, ಊರು ಕುಂದಾಪುರ. ಹುಡುಗರನ್ನ ಕರ್ಕೊಂಡು ಎರಡು ದಿನ ಅಂಬೋಲಿಗೆ ಹೋಗುವ ಅಂತ ಉಂಟು. ಹೆಂಡತಿಗೆ ಉಂಬಳ, ಹಾವು ಅಂದ್ರೆ ವಿಪರೀತ ಹೆದರಿಕೆ. ಏನು ತಯಾರಿ ಮಾಡ್ಬೇಕು?
– ಮುಲುಂಡಿನ ಓದುಗರು

ಉಂಬಳಕ್ಕೆ ಹೆದರೋದು ಬೇಡ ಅಂತ ಹೇಳಿ ಅಣ್ಣ, ಅದು ರಕ್ತ ಕುಡಿಯತ್ತೆ ಅಷ್ಟೇ, ನಮ್ಮಲ್ಲಿ ರೋಗ ತರೋದು ಉಂಬಳ ಅಲ್ಲ. ಮೊಣಕಾಲವರೆಗಿನ ದಟ್ಟ ನೇಯ್ಗೆಯ ಕಾಲುಚೀಲ ಸಿಗತ್ತೆ, ಪ್ಯಾಂಟಿನ ಮೇಲೆ ಎಳ್ಕೊಂಡ್ರೆ ಮುಗೀತು. ಹತ್ತಿದ್ರೆ ಉಗುರನ್ನ ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಜಾರಿಸಿ, ಬಾಯಿ ಬಿಡತ್ತೆ. ಉಪ್ಪು, ಸುಣ್ಣ, ಬೀಡಿ ಬೆಂಕಿ ಎಲ್ಲ ಹಳೇ ಅಭ್ಯಾಸ, ಅದು ಕುಡಿದಿದ್ದನ್ನ ಗಾಯದೊಳಗೇ ಕಕ್ಕೋ ಸಾಧ್ಯತೆ ಇದೆ. ಬಿಟ್ಟ ಮೇಲೂ ರಕ್ತ ಸುಮಾರು ಹೊತ್ತು ಸೋರತ್ತೆ, ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಅದರ ಎಂಜಲಲ್ಲಿದೆ. ತೊಳೆದು ಬಟ್ಟೆ ಒತ್ತಿ ಹಿಡೀರಿ ಸಾಕು.

ಹೆದರಬೇಕಾದ್ದು ಉಣುಗಿಗೆ, ಅಂದ್ರೆ ಉಣ್ಣೆಗೆ. ಅದೂ ಮಳೇಲಲ್ಲ, ಡಿಸೆಂಬರಿಂದ ಮೇ ತನಕ, ಎಲ್ಲರೂ 'ಈಗ ಮಳೆ ಇಲ್ಲ, ಆರಾಮು' ಅಂತ ಒಣ ತರಗೆಲೆ ಮೇಲೆ ಚಾಪೆ ಹಾಸ್ಕೊಂಡು ಮಲಗೋ ಕಾಲ. ಅದು ಕಚ್ಚಿ ಬರೋ ಮಂಗನ ಕಾಯಿಲೆ ನಮ್ಮ ಮಲೆನಾಡಿನದು, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾಗಿದ್ದು, ಈಗ ಅಲ್ಲಿಗೇ ನಿಂತಿಲ್ಲ. 2015ರ ಸುಮಾರಿಗೆ ಗೋವಾದ ಸತ್ತರಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗ, ಅಂದ್ರೆ ನೀವು ಹೋಗೋ ಅಂಬೋಲಿಯ ಜಿಲ್ಲೆಯಲ್ಲೇ ಕಾಣಿಸ್ಕೊಂಡಿದೆ. ಕಾಡಲ್ಲಿ ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ಬೇಡಿ, ಫೋಟೋನೂ ಬೇಡ, ಅರಣ್ಯದವರಿಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಹೇಳಿ. ವಾಪಸ್ ಬಂದು ಬಿಸಿನೀರಲ್ಲಿ ಮೈ ತಿಕ್ಕಿ ಸ್ನಾನ, ಬಟ್ಟೆ ಬೇರೆ ಬಕೆಟ್‌ಗೆ. ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮುಂಬೈ ಡಾಕ್ಟ್ರಿಗೆ ಡೆಂಗೀನೇ ಮೊದಲು ನೆನಪಾಗೋದು, 'ಕಾಡಿಗೆ ಹೋಗಿದ್ದೆ' ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು.

ಹಾವಿನ ವಿಷಯ. ಅಂಬೋಲೀಲಿ ಮಳೆಗಾಲದ ರಾತ್ರಿ ಮಲಬಾರ್ ಗುಳಿಮಂಡಲ ಕೊಂಬೆ ಮೇಲೆ ಕದಲದೆ ಸುತ್ತಿ ಕೂತಿರತ್ತೆ, ಹಸಿರು, ಕಂದು, ಹಳದಿ ಯಾವ ಬಣ್ಣದಲ್ಲಾದ್ರೂ ಇರಬಹುದು. ನಮ್ಮ ಆಸ್ಪತ್ರೆಗಳಲ್ಲಿ ಸಿಗೋ ವಿಷನಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಗುಳಿಮಂಡಲಕ್ಕಲ್ಲ. ಹಾಗಂತ ಆಸ್ಪತ್ರೆಗೆ ಹೋಗದೆ ಇರೋದಲ್ಲ. ಕಚ್ಚಿದ ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆ, ಕೊಯ್ಯೋದು ಹೀರೋದು ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಟಾರ್ಚ್ ಇಲ್ದೆ ಒಂದು ಹೆಜ್ಜೆನೂ ಇಡ್ಬೇಡಿ, ಕೊಂಬೆ ಹಿಡಿಯೋ ಮುಂಚೆ ನೋಡಿ, ಹೋಟೆಲ್ ಹುಡುಗರು ಹವಾಯಿ ಚಪ್ಪಲೀಲಿ ಬಂದ್ರೆ ಬಸ್ ಹತ್ತಿಸ್ಲೇಬೇಡಿ.

ಅಲ್ಲೇ ಹಿರಣ್ಯಕೇಶಿ ದೇವಸ್ಥಾನ ಇದೆ, ನದಿ ಹುಟ್ಟೋ ಜಾಗ. ಅದರ ಕಲ್ಯಾಣಿ ನೀರಲ್ಲಿ ಬೆರಳುದ್ದಕ್ಕಿಂತ ಸಣ್ಣ ಮೀನೊಂದಿದೆ, 2020ರಲ್ಲಷ್ಟೇ ಹೊಸ ಜಾತಿ ಅಂತ ಗುರುತಿಸಿ ನದಿಯ ಹೆಸರನ್ನೇ ಇಟ್ರು, ಮರುವರ್ಷ ಆ ಜಾಗವನ್ನ ಜೀವವೈವಿಧ್ಯ ಪರಂಪರೆ ತಾಣ ಅಂತ ಘೋಷಿಸಿದ್ರು. ಹೆಂಡತಿಗೆ ಅದನ್ನ ತೋರಿಸಿ. ಮಂಡಕ್ಕಿ ಎಸೀಬೇಡಿ, ಸೋಪ್ ಹಾಕ್ಬೇಡಿ.

ಹಕ್ಕಿ ಫೋಟೋ ನನ್ನ ಹುಚ್ಚು. ದಾಂಡೇಲಿ ಕಡೆ ಮಂಗಟ್ಟೆ ಗೂಡಿನ ಎದುರೇ ಕೂರಿಸ್ತೀನಿ ಅಂತ ಒಬ್ಬರು ದುಡ್ಡು ಕೇಳ್ತಿದ್ದಾರೆ. ಮಾರ್ಚಲ್ಲಿ ಹೋಗಬಹುದಾ?
– ಮಡಗಾಂವಿನ ಬ್ಯಾಂಕ್ ಉದ್ಯೋಗಿ

ದಾಂಡೇಲಿಗೆ ಹೋಗಿ, ಗೂಡಿನ ಎದುರು ಕೂರ್ಬೇಡಿ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನ ತನ್ನ ಹಿಕ್ಕೆ, ಹಣ್ಣಿನ ತಿರುಳಿಂದ ಮೆತ್ತಿ ಮುಚ್ಕೊಳ್ಳತ್ತೆ, ಕೊಕ್ಕು ತೂರೋಷ್ಟು ಸೀಳು ಮಾತ್ರ ಬಿಟ್ಕೊಂಡು. ಅಲ್ಲಿಂದ ವಾರಗಟ್ಟಲೆ ತಾಯಿ, ಮರಿ ಇಬ್ಬರ ಊಟವೂ ಗಂಡಿನದೇ ಜವಾಬ್ದಾರಿ, ಅತ್ತಿ ಹಣ್ಣು ಗಂಟಲಲ್ಲಿ ತುಂಬ್ಕೊಂಡು ಬಂದು ಒಂದೊಂದಾಗಿ ಸೀಳಿನೊಳಗೆ ದಾಟಿಸತ್ತೆ. ಕೆಳಗೆ ಐದು ಟ್ರೈಪಾಡ್ ಕಂಡ್ರೆ ದೂರದ ಮರದಲ್ಲೇ ಕೂತು ಕಾಯತ್ತೆ, ನೀವು ಎದ್ದು ಹೋಗೋವರೆಗೆ ಒಳಗಿನವರಿಗೆ ಉಪವಾಸ. ಫೆಬ್ರವರಿಯಿಂದ ಮೇ ತನಕ ಇದೇ ಕಾಲ. ಹಣ್ಣಾದ ಅತ್ತಿ ಮರ ಹುಡುಕಿ ಅದರಿಂದ ದೂರ ಕೂತ್ಕೊಳ್ಳಿ, ಗುಂಪೇ ಬರತ್ತೆ, ಫೋಟೋನೂ ಚೆನ್ನಾಗಿ ಬರತ್ತೆ. ಆ ಗೈಡಿಗೆ ಅದೇ ದುಡ್ಡು ಕೊಟ್ಟು 'ಗೂಡು ಬೇಡ, ಅತ್ತಿ ಮರ ತೋರ್ಸಿ' ಅನ್ನಿ, ಅವರ ಹೊಟ್ಟೆಪಾಡೂ ನಡೀಬೇಕಲ್ಲ.

ನಾನು ಫೋಂಡಾದಲ್ಲಿ ಬಿಎಸ್ಸಿ ಎರಡನೇ ವರ್ಷ. ವಾಲಂಟಿಯರ್ ಆಗೋಕೆ ಎಲ್ಲಾ ಕಡೆ ದುಡ್ಡು ಕೇಳ್ತಾರೆ. ನಾನೇ ಕೆಲಸ ಮಾಡಿ ನಾನೇ ಯಾಕೆ ದುಡ್ಡು ಕೊಡ್ಬೇಕು?
– ಫೋಂಡಾದ ವಿದ್ಯಾರ್ಥಿನಿ

ಊಟ, ವಸತಿ, ಗೈಡಿನ ಖರ್ಚು ಕೇಳಿದ್ರೆ ಕೊಡೋದು ನ್ಯಾಯ. ಸರ್ಟಿಫಿಕೇಟಿಗೆ ಅಂತ ಕೇಳಿದ್ರೆ ಎದ್ದು ಬನ್ನಿ.

ದುಡ್ಡಿಲ್ಲದೆ ಮಾಡೋ ಕೆಲಸ ಬೇಕಾದಷ್ಟಿದೆ ಪುಟ್ಟಿ. ಸೀಸನ್‌ವಾಚ್ ಅಂತ ಇದೆ, ಒಂದು ಮರ ಆರಿಸ್ಕೊಂಡು ವಾರ ವಾರ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆದು ಹಾಕೋದು. ಕಾಲೇಜಿನ ಹಿಂದಿನ ಹಲಸಿನ ಮರವೂ ಆಗತ್ತೆ. ಹಕ್ಕಿಗೆ ಇ-ಬರ್ಡ್, ಕಪ್ಪೆ ಚಿಟ್ಟೆ ಗಿಡ ಎಲ್ಲಕ್ಕೂ ಐ-ನ್ಯಾಚುರಲಿಸ್ಟ್ ಅನ್ನೋ ಆ್ಯಪ್‌ಗಳಿವೆ, ಕಂಡಿದ್ದನ್ನ ಹಾಕೋಕೆ, ಸೆಪ್ಟೆಂಬರಲ್ಲಿ ದೇಶಾದ್ಯಂತ ಚಿಟ್ಟೆ ಎಣಿಸೋ ತಿಂಗಳು. ಮಹಾರಾಷ್ಟ್ರದ ಹಲವು ಅಭಯಾರಣ್ಯಗಳಲ್ಲಿ ಬುದ್ಧ ಪೂರ್ಣಿಮೆಯ ರಾತ್ರಿ ಅಟ್ಟಣೆ ಮೇಲೆ ಕೂತು ನೀರಿಗೆ ಬರೋ ಪ್ರಾಣಿ ಎಣಿಸೋಕೆ ಸಾರ್ವಜನಿಕರನ್ನೂ ತಗೋತಾರೆ, ಅದಕ್ಕೆ ಮುಂಚೆನೇ ಹೆಸರು ಕೊಡ್ಬೇಕು.

ನಿಮ್ಮ ಗೋವಾದಲ್ಲೇ 2023ರ ಮಾರ್ಚಲ್ಲಿ ಮಹಾದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿತ್ತು. ಅಂಥ ಬೆಂಕಿ ಆರಿಸೋದು ಅಂದ್ರೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಹೊಡೆಯೋದು, ಹೊಗೇಲಿ ಇಳಿಜಾರು ಹತ್ತೋದು. ಕಲಿಯದವ್ರು ಅಲ್ಲಿಗೆ ಹೋದ್ರೆ ಭಾರ. ಆದ್ರೆ ಜನವರೀಲಿ ಒಣಹುಲ್ಲು ತೆಗೆಯೋವಾಗ ಅರಣ್ಯ ಇಲಾಖೆಗೆ ಕೈ ಬೇಕಾಗತ್ತೆ, ರೇಂಜ್ ಆಫೀಸಿಗೆ ಹೋಗಿ ಕೇಳಿ, ಕಾಲೇಜಿನ ಪತ್ರ ತಗೊಂಡು ಹೋಗಿ. ಮೊದಲನೇ ಸಲ ಕೂರಿಸಿ ಕಾಯಿಸ್ತಾರೆ, ಎರಡನೇ ಸಲ ಚಾ ಕೊಡ್ತಾರೆ.

ಅತ್ತೆಗೆ 70, ಮಗಳಿಗೆ 6. ಗೋವಾಕ್ಕೆ ಬರ್ತಿದ್ದೀವಿ, ಬೀಚ್ ಬೇಡ. ಹೆಚ್ಚು ನಡೆಯದೆ ಕಾಡು ನೋಡೋಕಾಗತ್ತಾ?
– ಠಾಣೆಯ ಓದುಗಿ

ತಾಂಬಡಿ ಸುರ್ಲಾ. ಮಹಾವೀರ ಅಭಯಾರಣ್ಯದ ಅಂಚಲ್ಲಿ ಕಾಡಿನ ಮಧ್ಯೆ ಕದಂಬರ ಕಾಲದ ಕಪ್ಪುಕಲ್ಲಿನ ಮಹಾದೇವ ದೇವಸ್ಥಾನ, ಪಕ್ಕದಲ್ಲೇ ಹೊಳೆ. ಕಾರು ಹತ್ತಿರದವರೆಗೂ ಹೋಗತ್ತೆ, ಅತ್ತೆಗೆ ದೇವರು, ಮಗಳಿಗೆ ಚಿಟ್ಟೆ. ಇನ್ನೊಂದು ದಿನ ನೇತ್ರಾವಳಿಯ ಗೋಪಿನಾಥ ದೇವಸ್ಥಾನದ ಬುಡಬುಡ ಕೆರೆ, ತಳದಿಂದ ಗುಳ್ಳೆ ಏಳ್ತಾನೇ ಇರತ್ತೆ, ಮೆಟ್ಟಿಲ ಮೇಲೆ ಕೂತ್ರೆ ಮಗು ಎದ್ದೇಳಲ್ಲ.

ಆದಿವಾಸಿ ಹಳ್ಳಿಯ ಹೋಂಸ್ಟೇಗೆ ಹೋಗ್ತಿದ್ದೀವಿ. ಮಕ್ಕಳಿಗೆ ಹಳೇ ಬಟ್ಟೆ, ಚಾಕಲೇಟ್ ತಗೊಂಡು ಹೋಗೋಣ ಅಂತ ನಮ್ಮ ಮಹಿಳಾ ಮಂಡಳಿಯವರ ಆಸೆ.
– ಪಿಂಪ್ರಿಯ ಓದುಗಿ

ಬೇಡಮ್ಮ. ನಿಮ್ಮ ಮನೆಗೆ ಬಂದ ನೆಂಟರು ಬಾಗಿಲಲ್ಲೇ ನಿಮ್ಮ ಮಕ್ಕಳಿಗೆ ಹಳೇ ಫ್ರಾಕ್ ಹಂಚಿ ಫೋಟೋ ತೆಗೆದ್ರೆ ಹೇಗಿರತ್ತೆ ಹೇಳಿ. ಭೀಮಾಶಂಕರದ ಸುತ್ತಿನ ಮಹಾದೇವ ಕೋಳಿ ಅನ್ನೋ ಆದಿವಾಸಿ ಸಮುದಾಯದ ಜನ ಬೇಡೋರಲ್ಲ, ಭತ್ತ ಬೆಳೀತಾರೆ, ಅಳಲೆಕಾಯಿ ಆರಿಸಿ ಮಾರ್ತಾರೆ, ವರ್ಷದ ಕೈದುಡ್ಡಲ್ಲಿ ಅದರದ್ದು ದೊಡ್ಡ ಪಾಲು, ದಲ್ಲಾಳಿ ರೇಟು ಬೀಳಿಸಿದ ವರ್ಷ ಮನೆಯ ಲೆಕ್ಕವೇ ತಪ್ಪತ್ತೆ. ಅವರ ಅಕ್ಕಿ ಕೊಳ್ಳಿ, ಚೌಕಾಸಿ ಮಾಡ್ದೆ ಕೊಳ್ಳಿ. ಊಟಕ್ಕೆ ಪನೀರ್ ಕೇಳ್ಬೇಡಿ, ಅವರು ಅವತ್ತು ಮಾಡಿದ ಭಾಕ್ರಿ, ಸೊಪ್ಪು ತಿನ್ನಿ. ದೇವರಾಯಿ ಅಂತ ದೇವರ ಕಾಡಿದ್ರೆ ಚಪ್ಪಲಿ ಬಿಡಬೇಕಾ ಕೇಳಿ ಒಳಗೆ ಹೋಗಿ, ಬಿದ್ದ ಕಡ್ಡಿನೂ ಎತ್ಕೊಂಡು ಬರಬೇಡಿ, ಅಲ್ಲಿಯವರೇ ಎತ್ತಲ್ಲ. ತಗೊಂಡು ಹೋದ ಪ್ಲಾಸ್ಟಿಕ್ ಮಾತ್ರ ಪೂರ್ತಿ ವಾಪಸ್ ತರಬೇಕು, ಹಳ್ಳೀಲಿ ಕಸದ ಗಾಡಿ ಬರಲ್ಲ, ಬಿಟ್ಟು ಬಂದ್ರೆ ಅವರು ಸುಡೋದೇ.

ಡ್ರೋನ್ ತಗೊಂಡು ಹೋಗಬಹುದಾ? ಬ್ಲೂಟೂತ್ ಸ್ಪೀಕರ್?
– ಐರೋಲಿಯ ಓದುಗ

ಡ್ರೋನನ್ನ ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ, ಸಿಕ್ಕಿಬಿದ್ರೆ ಕಳ್ಕೊಳ್ತೀರಿ. ಸ್ಪೀಕರ್ ಮನೇಲೇ ಇರ್ಲಿ, ಐರೋಲೀಲಿ ಗಣಪತಿಗೆ ಬೇಕಾಗತ್ತೆ.